ಬಿರುದು ಯಾರ ಕಿವಿಗೆ?

ಬೆಂಗಳೂರಿನ ಪೂರ್ವ ಭಾಗದ ನಕಾಶೆಯನ್ನು ಮುಂದೆ ಹರಡಿಕೊಂಡು ಕೂತರೆ ಅರಸರ ಒಂದು ದೊಡ್ಡ ಓಲಗವೇ ಕಣ್ಣಿಗೆ ಬೀಳುತ್ತದೆ. ಶಿವಾಜಿನಗರದಲ್ಲಿ ಛತ್ರಪತಿ ಇದ್ದಾರೆ. ಅದರ ಆಚೆಗೆ, ಹಳಬರು ಇಂದಿಗೂ ಫ್ರೇಜರ್ ಟೌನ್ ಎಂದೇ ಕರೆಯುವ ಪುಲಕೇಶಿನಗರದಲ್ಲಿ ಬಾದಾಮಿಯ ‘ಪರಮೇಶ್ವರ’. ಕೆ.ಆರ್. ಪುರದ ಹೆಸರಿನಲ್ಲಿ ಮೈಸೂರಿನ ಮಹಾರಾಜ. ಹಲಸೂರಿನ ಕೆರೆ, ಗುಡಿಗಳ ನೆನಪಿನಲ್ಲಿ ಯಲಹಂಕದ ನಾಡಪ್ರಭು. ಕ್ವೀನ್ಸ್ ರಸ್ತೆ, ವಿಕ್ಟೋರಿಯಾ ರಸ್ತೆಗಳಲ್ಲಿ ‘ಕೈಸರ್-ಎ-ಹಿಂದ್’ ಎನಿಸಿಕೊಂಡ ರಾಣಿ. ಇನ್ನೂ ಪೂರ್ವಕ್ಕೆ, ಕಾಡುಗೋಡಿಯ ಶಾಸನದಲ್ಲಿ ಗಂಗೆಯವರೆಗೆ ದಂಡು ಕಳಿಸಿದ ಚೋಳ ರಾಜೇಂದ್ರ.

ರಾಜ, ಮಹಾರಾಜ, ಮಹಾರಾಜಾಧಿರಾಜ, ಚಕ್ರವರ್ತಿ, ಸಾಮ್ರಾಟ, ಸುಲ್ತಾನ, ಬಾದಶಹ, ಛತ್ರಪತಿ, ಕೈಸರ್ ಎಂಬ ಈ ಹೆಸರುಗಳನ್ನು ಶಾಲೆಯಲ್ಲಿ ನಾವೆಲ್ಲ ಉರು ಹೊಡೆದಿದ್ದೇವೆ. ಇವೆಲ್ಲ ಒಂದೇ, ಬರೀ ಹೊಗಳಿಕೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಒಂದೊಂದು ಬಿರುದಿಗೂ ಒಂದು ಕಾರಣವಿತ್ತು, ಒಂದು ಅಳತೆಯಿತ್ತು. ಅದಕ್ಕಿಂತ ಮುಖ್ಯವಾಗಿ, ಸಾಮ್ರಾಜ್ಯದ ಬಿರುದುಗಳನ್ನು ಅರಸರು ತಮ್ಮ ಪ್ರಜೆಗಳಿಗಾಗಿ ಧರಿಸಿದ್ದು ಕಡಿಮೆ. ಅವು ಬೇರೆ ಅರಸರ ಕಿವಿಗೆ ಬೀಳಲೆಂದು ಹುಟ್ಟಿದ ಹೆಸರುಗಳು. ಈ ಒಂದು ಮಾತನ್ನು ಹಿಡಿದುಕೊಂಡು ಓದಿದರೆ ನಮ್ಮ ಸುತ್ತಲಿನ ಕಲ್ಲು, ನಾಣ್ಯ, ರಸ್ತೆಯ ಫಲಕಗಳೆಲ್ಲ ಬೇರೆಯೇ ಕಥೆ ಹೇಳತೊಡಗುತ್ತವೆ.

ಮೆಟ್ಟಿಲುಗಳ ಲೆಕ್ಕ

ಸಾಮ್ರಾಟ ಯಾರು ಎಂಬುದಕ್ಕೆ ಅಮರಕೋಶ ಮೂರು ಲಕ್ಷಣ ಕೊಡುತ್ತದೆ: ರಾಜಸೂಯ ಯಾಗ ಮಾಡಿರಬೇಕು, ರಾಜಮಂಡಲಕ್ಕೆ ಒಡೆಯನಾಗಿರಬೇಕು, ಇತರ ರಾಜರಿಗೆ ಅಪ್ಪಣೆ ಕೊಡುವವನಾಗಿರಬೇಕು. ಮೂರರಲ್ಲಿ ಎಲ್ಲಿಯೂ ಪ್ರಜೆಯ ಪ್ರಸ್ತಾಪವಿಲ್ಲ ಎಂಬುದನ್ನು ಗಮನಿಸಿ. ಚಕ್ರವರ್ತಿಯ ಕಲ್ಪನೆಯೂ ಹಾಗೆಯೇ. ಯಾರ ರಥಚಕ್ರ ಎಲ್ಲಿಯೂ ತಡೆಯಿಲ್ಲದೆ ಉರುಳುತ್ತದೆಯೋ ಅವನು ಚಕ್ರವರ್ತಿ. ತಡೆಯಬಹುದಾದವರು ಇನ್ನೊಬ್ಬ ಅರಸರೇ ಹೊರತು ಹೊಲ ಉಳುವವರಲ್ಲ.

ವಿಚಿತ್ರವೆಂದರೆ, ಈ ನೆಲದ ಅತಿ ದೊಡ್ಡ ಸಾಮ್ರಾಜ್ಯಗಳಲ್ಲಿ ಒಂದನ್ನು ಆಳಿದ ಅಶೋಕನಿಗೆ ಇಂಥ ಯಾವ ಬಿರುದೂ ಬೇಕಾಗಲಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಗಲ್ಲಿನ ಶಾಸನ ‘ದೇವಾನಾಂಪ್ರಿಯ’ನೇ ಅಶೋಕ ಎಂಬುದನ್ನು ಖಚಿತಪಡಿಸಿತು. ದೇವರಿಗೆ ಪ್ರಿಯನಾದವನು ಎಂಬ ಆ ವಿಶೇಷಣದ ಜೊತೆಗೆ ಅವನ ಶಾಸನಗಳಲ್ಲಿ ಬರುವುದು ಬರೀ ‘ರಾಜ’. ಮಹಾರಾಜನೂ ಅಲ್ಲ, ರಾಜಾಧಿರಾಜನೂ ಅಲ್ಲ. ಎದುರಿಗೆ ಸರಿಸಾಟಿ ಅರಸರೇ ಇಲ್ಲದಿದ್ದಾಗ ಮೆಟ್ಟಿಲು ಏರಿ ನಿಲ್ಲುವ ಅಗತ್ಯ ಬೀಳಲಿಲ್ಲ.

ಮೆಟ್ಟಿಲುಗಳು ಬಂದದ್ದು ಆಮೇಲೆ. ‘ರಾಜರ ರಾಜ’ ಎಂಬ ಮಾತು ಪರ್ಷಿಯಾದ ‘ಶಹನ್‌ಶಾಹ್’ ಪರಂಪರೆಯದು. ವಾಯವ್ಯದಿಂದ ಬಂದ ಕುಷಾಣರು ಅದನ್ನು ‘ರಾಜಾತಿರಾಜ’ ಎಂದು ಪ್ರಾಕೃತದಲ್ಲಿ ಬಳಸಿದರು. ಈಗಿನ ಪಾಕಿಸ್ತಾನದ ಆರಾ ಎಂಬಲ್ಲಿ ಸಿಕ್ಕಿದ ಕುಷಾಣರ ಕಾಲದ ಶಾಸನವೊಂದರಲ್ಲಿ ಕನಿಷ್ಕನೆಂಬ ಅರಸನಿಗೆ ನಾಲ್ಕು ಬಿರುದುಗಳಿವೆ: ಮಹಾರಾಜ, ರಾಜಾತಿರಾಜ, ದೇವಪುತ್ರ, ಕೈಸರ. ಮೊದಲನೆಯದು ಭಾರತದ್ದು, ಎರಡನೆಯದು ಪರ್ಷಿಯಾದ್ದು, ಮೂರನೆಯದು ಚೀನಾದ ಅರಸರ ‘ಸ್ವರ್ಗದ ಮಗ’ನನ್ನು ನೆನಪಿಸುವಂಥದ್ದು, ನಾಲ್ಕನೆಯದು ರೋಮಿನ ಸೀಸರನದು. ತನಗೆ ತಿಳಿದಿದ್ದ ದೊಡ್ಡ ಅರಸುಮನೆಗಳ ಹೆಸರುಗಳನ್ನೆಲ್ಲ ಒಬ್ಬನೇ ಧರಿಸಿಕೊಂಡಿದ್ದ. ಸೀಸರ್ ಎಂಬುದು ಮೂಲದಲ್ಲಿ ಪದವಿಯೇ ಅಲ್ಲ, ಒಂದು ಮನೆತನದ ಹೆಸರು. ಜೂಲಿಯಸ್ ಸೀಸರನ ನಂತರ ಅದೇ ಪದವಿಯಾಗಿ, ಜರ್ಮನ್ನರಲ್ಲಿ ಕೈಸರ್, ರಷ್ಯನ್ನರಲ್ಲಿ ತ್ಸಾರ್ ಆಯಿತು.

ಗುಪ್ತರ ಕಾಲಕ್ಕೆ ‘ಮಹಾರಾಜ’ ಎಂಬುದು ಅಗ್ಗವಾಗಿತ್ತು. ಸಾಮಂತರೂ ಮಹಾರಾಜರೇ ಆದ ಮೇಲೆ ಮೇಲಿನವನಿಗೆ ‘ಮಹಾರಾಜಾಧಿರಾಜ’ ಎಂಬ ಹೊಸ ಹೆಸರು ಬೇಕಾಯಿತು. ಕನ್ನಡನಾಡಿನ ಚಾಲುಕ್ಯರು ಆ ಸಾಲಿಗೆ ತಮ್ಮದನ್ನೂ ಕೂಡಿಸಿದರು. ‘ಶ್ರೀಪೃಥ್ವೀವಲ್ಲಭ’ ಎಂದರೆ ಭೂದೇವಿಯ ಪತಿ. ಇಮ್ಮಡಿ ಪುಲಕೇಶಿಯ ‘ಪರಮೇಶ್ವರ’ ಬಿರುದಿನ ಹಿಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಹರ್ಷವರ್ಧನನನ್ನು ಸೋಲಿಸಿ ಅವನು ಆ ಹೆಸರು ಪಡೆದನೆಂದು ವಂಶದ ಮುಂದಿನ ಶಾಸನಗಳು ಹೇಳುತ್ತವೆ. ಹಾಗೆ ಹೇಳುವಾಗ ಹರ್ಷನನ್ನು ‘ಸಕಲೋತ್ತರಾಪಥೇಶ್ವರ’, ಅಂದರೆ ಇಡೀ ಉತ್ತರ ದೇಶದ ಒಡೆಯ ಎಂದು ಕೊಂಡಾಡುತ್ತವೆ. ಸೋತವನನ್ನು ಎಷ್ಟು ಎತ್ತರಿಸಿದರೆ ಗೆದ್ದವನು ಅಷ್ಟು ಎತ್ತರಕ್ಕೆ ಏರುತ್ತಾನೆ.

ಬಿರುದಿನ ಸುಳ್ಳು ನಿಜಗಳನ್ನು ತೂಗಲು ಶಾಸನಗಳೊಳಗೇ ಒಂದು ತಕ್ಕಡಿಯಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನ ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ’ ಎಂದು ಚಕ್ರವರ್ತಿಯಿಂದ ಶುರುವಾಗುತ್ತದೆ. ಆಮೇಲೆ ‘ತತ್ಪಾದಪದ್ಮೋಪಜೀವಿ’ ಎಂಬ ಮಾತು ಬರುತ್ತದೆ. ಅಲ್ಲಿಂದ ಮುಂದೆ ಬರುವವನು ಎಷ್ಟೇ ಬಿರುದು ಹೊತ್ತಿದ್ದರೂ ಮೇಲಿನವನ ಪಾದದಡಿ ಬದುಕುವ ಮಾಂಡಲಿಕ. ತಲಕಾಡನ್ನು ಚೋಳರಿಂದ ಗೆದ್ದು ‘ತಲಕಾಡುಗೊಂಡ’ ಎನಿಸಿದ ಹೊಯ್ಸಳ ವಿಷ್ಣುವರ್ಧನ ಕೂಡ ‘ಮಹಾಮಂಡಲೇಶ್ವರ’ನಾಗಿಯೇ ಉಳಿದ. ಅವನ ‘ತ್ರಿಭುವನಮಲ್ಲ’ ಎಂಬ ಹೆಸರು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನದು. ಮಂಡಲೇಶ್ವರನ ಪಟ್ಟ ಕಳಚಿ ಚಕ್ರವರ್ತಿಯ ಪಟ್ಟಕ್ಕೆ ಏರಿದವನು ಮೊಮ್ಮಗ ಇಮ್ಮಡಿ ಬಲ್ಲಾಳ.

ಮಾಂಡಲಿಕರ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಹೆಮ್ಮೆ ‘ಸಮಧಿಗತ ಪಂಚಮಹಾಶಬ್ದ’. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕು ಮೇಲಿನವನು ಕೊಟ್ಟದ್ದು. ಯಾರಿಗೆ ಎಷ್ಟು ಸದ್ದು ಎಂಬುದನ್ನು ಮೇಲಿನವನು ಗೊತ್ತುಮಾಡುವ ಈ ಪದ್ಧತಿ ಸುಮಾರು ಸಾವಿರ ವರ್ಷದ ಮೇಲೆ ನಮ್ಮ ದಂಡಿಗೂ, ಅಂದರೆ ಬೆಂಗಳೂರಿನ ಬ್ರಿಟಿಷ್ ಕಂಟೋನ್ಮೆಂಟಿಗೂ, ಬಂತು. ಅದರ ಮಾತು ಮುಂದೆ ಬರುತ್ತದೆ.

ಕಾಡುಗೋಡಿಯ ಗಾವುಂಡ

ಪೂರ್ವ ಬೆಂಗಳೂರಿನಲ್ಲಿ ಬಿರುದುಗಳ ಈ ಏಣಿಯನ್ನು ಹತ್ತಿರದಿಂದ ನೋಡಲು ಕಾಡುಗೋಡಿಯ ಶಾಸನಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕಾಲ 1043, ರಾಜೇಂದ್ರ ಚೋಳನ ಆಳ್ವಿಕೆಯ ಕೊನೆಯ ವರ್ಷಗಳು. ತಲಕಾಡಿನ ಗಂಗರು ಚೋಳರಿಗೆ ಸೋತು ಸುಮಾರು 40 ವರ್ಷ ಆಗಿತ್ತು. ಗೆದ್ದವರು ನೆಲದ ಹೆಸರನ್ನೂ ಬದಲಿಸಿದ್ದರು. ಗಂಗವಾಡಿ ‘ಮುಡಿಗೊಂಡ ಚೋಳಮಂಡಲ’ವಾಯಿತು, ನೊಳಂಬವಾಡಿ ‘ನಿಗರಿಲಿ ಚೋಳಮಂಡಲ’ವಾಯಿತು. ಕಿರೀಟ ಕಸಿದವನ ನಾಡು, ಎಣೆಯಿಲ್ಲದವನ ನಾಡು. ಹೀಗೆ ಅರಸನ ಬಿರುದು ಊರಿನ ವಿಳಾಸವಾಯಿತು. ಎಂಟುನೂರು ವರ್ಷದ ಮೇಲೆ ವಿಕ್ಟೋರಿಯಾ ಹೆಸರು ರಸ್ತೆಗೆ ಬಿದ್ದದ್ದು ಇದೇ ಜಾಡಿನಲ್ಲಿ.

ಆ ಶಾಸನ ಹೇಳುವ ಕೆಲಸ ಇದು: ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿದ್ದು, ಅದಕ್ಕೆ ತೂಬು ಇರಿಸಿದ್ದು, ಕ್ಷೇತ್ರಪಾಲ, ಗಣಪತಿ, ದುರ್ಗೆಯರಿಗೆ ಗುಡಿ ಮಾಡಿಸಿದ್ದು. ಮಾಡಿಸಿದವನ ಹೆಸರು ರಾಜರಾಜ ವೇಳಾನ್ ಎಂಬ ಪೆರ್ಮಾಡಿ ಗಾವುಂಡ. ಈ ಹೆಸರನ್ನು ನಿಧಾನವಾಗಿ ಬಿಡಿಸಿ ನೋಡಿ. ‘ಗಾವುಂಡ’ ಅವನ ಸ್ವಂತದ್ದು, ಊರಿನ ಮುಖ್ಯಸ್ಥನ ಪದವಿ, ಇಂದಿನ ಗೌಡ. ‘ಪೆರ್ಮಾಡಿ’ ಎಂಬುದು ಗಂಗ ಅರಸರ ‘ಪೆರ್ಮಾನಡಿ’ ಬಿರುದನ್ನು ನೆನಪಿಸುತ್ತದೆ, ಅದು ಹೋದ ಒಡೆಯರ ಗುರುತು. ‘ರಾಜರಾಜ ವೇಳಾನ್’ ಹೊಸ ಒಡೆಯರ ಮುದ್ರೆ. ‘ವೇಳಾನ್’ ಚೋಳರು ತಮ್ಮ ಅಧಿಕಾರಿಗಳಿಗೆ, ಭೂಮಿವಂತರಿಗೆ ಕೊಡುತ್ತಿದ್ದ ಪದವಿ. ‘ರಾಜರಾಜ’ ಆಳುವ ದೊರೆಯ ತಂದೆಯ ಹೆಸರು. ಒಬ್ಬ ಮನುಷ್ಯನ ಹೆಸರಿನಲ್ಲೇ ಒಂದು ನಾಡಿನ ಎರಡು ಆಳ್ವಿಕೆಗಳು ಕೂತಿವೆ. ಚಕ್ರವರ್ತಿಯ ಹೆಸರಿನ ಒಂದು ತುಣುಕು ಹೀಗೆ ಕೆಳಗಿಳಿದು ಬಂದು ಊರ ಗೌಡನನ್ನು ಚೋಳರ ರಾಜಧಾನಿಗೆ ಕಟ್ಟಿಹಾಕುತ್ತಿತ್ತು. ಗೌಡನಿಗೂ ಅದರಿಂದ ಸುತ್ತಲಿನ ಗೌಡರ ನಡುವೆ ತೂಕ ಬರುತ್ತಿತ್ತು.

ಇನ್ನೊಂದು ಮಾತು. ಚೋಳ ಚಕ್ರವರ್ತಿಗಳನ್ನು ಅವರ ಶಾಸನಗಳು ‘ಉಡೈಯಾರ್’ ಎಂದು ಕರೆಯುತ್ತವೆ. ಮೈಸೂರಿನವರ ‘ಒಡೆಯರ್’ ಅದೇ ಬೇರಿನ ಮಾತು. ಒಬ್ಬರು ಸಮುದ್ರದಾಚೆಗೆ ಹಡಗು ಕಳಿಸಿದವರು, ಇನ್ನೊಬ್ಬರು ಶುರುವಿನಲ್ಲಿ ಮೈಸೂರಿನ ಸುತ್ತಲ ಕೆಲವು ಹಳ್ಳಿಗಳ ಪಾಳೆಯಗಾರರು. ಹೆಸರು ಒಂದೇ ಇದ್ದರೂ ಅದರ ಬೆಲೆ ಆಳುವವನ ತೋಳಿನಲ್ಲಿತ್ತು.

ಸುರತ್ರಾಣ, ನಾಡಪ್ರಭು, ಛತ್ರಪತಿ

ದೆಹಲಿಯ ಸುಲ್ತಾನರು ದಕ್ಷಿಣಕ್ಕೆ ಬಂದ ಮೇಲೆ ಬಿರುದುಗಳ ಪೇಟೆಗೆ ಅರಬ್ಬಿ, ಪಾರಸಿ ಹೆಸರುಗಳು ಬಂದವು. ವಿಜಯನಗರದ ಹರಿಹರ, ಬುಕ್ಕರು ಮೊದಲಿಗೆ ಚಕ್ರವರ್ತಿಗಳೆಂದು ಹೇಳಿಕೊಳ್ಳಲಿಲ್ಲ, ಹೊಯ್ಸಳರ ಕಾಲದ ‘ಮಹಾಮಂಡಲೇಶ್ವರ’ ಪದವಿಯಲ್ಲೇ ಇದ್ದರು. ಜೊತೆಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಎನ್ನಿಸಿಕೊಂಡರು. ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ಅಡಗಿಸುವವನು ಎಂಬ ಈ ಬಿರುದೂ ಇತರ ರಾಯರನ್ನು ಉದ್ದೇಶಿಸಿದ್ದೇ. ಬುಕ್ಕನ ಕಾಲದಿಂದ ‘ಹಿಂದೂರಾಯ ಸುರತ್ರಾಣ’ ಎಂಬ ಹೆಸರೂ ಕಾಣಿಸುತ್ತದೆ. ಸುರತ್ರಾಣ ಎಂದರೆ ಸುಲ್ತಾನ, ಸಂಸ್ಕೃತದ ಉಡುಪಿನಲ್ಲಿ. ಹಿಂದೂ ರಾಯರ ನಡುವೆ ತಾನೇ ಸುಲ್ತಾನ ಎನ್ನುವ ಈ ಘೋಷಣೆಯಲ್ಲಿ ಎದುರಾಳಿಯ ಭಾಷೆಯಲ್ಲೇ ಸಮಾನತೆ ಕೇಳುವ ಧೈರ್ಯವಿದೆ. ಪೂರ್ಣ ಸಾಮ್ರಾಜ್ಯದ ಬಿರುದುಗಳು ಇಮ್ಮಡಿ ಹರಿಹರನ ಕಾಲಕ್ಕೆ ನೆಲೆಯಾದವು.

ಹಲಸೂರು ಆ ಸಾಮ್ರಾಜ್ಯದೊಳಗಿನ ಊರು. ಅದರ ಅರಸ ಅಚ್ಯುತರಾಯನು ಯಲಹಂಕದ ಕೆಂಪೇಗೌಡರಿಗೆ ಉಂಬಳಿಯಾಗಿ ಕೊಟ್ಟನೆನ್ನುವ ಹೋಬಳಿಗಳ ಸಾಲಿನಲ್ಲಿ ಹಲಸೂರು, ವರ್ತೂರುಗಳೂ ಸೇರಿವೆ. ಊರು ಕಟ್ಟಿದರೂ, ಕೆರೆ ತೋಡಿಸಿದರೂ, ಕೋಟೆ ಹಾಕಿಸಿದರೂ ಕೆಂಪೇಗೌಡರು ನಾಡಪ್ರಭುಗಳೇ. ಭೈರವನ ಹೆಸರಿನ ನಾಣ್ಯ ಅಚ್ಚು ಹಾಕಿಸಿದ್ದಕ್ಕೆ ಅವರು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿ ಇರಬೇಕಾಯಿತೆಂದು ನಾಡು ನೆನೆಯುತ್ತದೆ. ನಾಣ್ಯಕ್ಕೆ ಮುದ್ರೆ ಒತ್ತುವುದು ಮೇಲಿನವನ ಹಕ್ಕು. ಕೆರೆ ಎಷ್ಟು ಬೇಕಾದರೂ ಕಟ್ಟಬಹುದಿತ್ತು, ಮುದ್ರೆಗೆ ಮಾತ್ರ ಕೈ ಹಾಕುವಂತಿರಲಿಲ್ಲ.

ಹಿಂದೆ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಶಿವಾಜಿನಗರಕ್ಕೆ ಹೆಸರು ಕೊಟ್ಟವರಿಗೂ ಬೆಂಗಳೂರಿಗೂ ನಂಟಿದೆ. ಬಿಜಾಪುರದ ಸೇನೆ 1638ರಲ್ಲಿ ಬೆಂಗಳೂರನ್ನು ಗೆದ್ದ ಮೇಲೆ ಅದು ಶಿವಾಜಿಯವರ ತಂದೆ ಶಹಾಜಿಗೆ ಜಹಗೀರಾಗಿ ಬಂತು. ಶಹಾಜಿ 1664ರಲ್ಲಿ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡರು. ಮಗ ಕೋಟೆಗಳ ಮೇಲೆ ಕೋಟೆ ಗೆದ್ದರೂ ಬಿಜಾಪುರದ ಕಣ್ಣಿಗೆ ಜಹಗೀರುದಾರನ ಮಗ. 1668ರಲ್ಲಿ ಔರಂಗಜೇಬ ‘ರಾಜಾ’ ಎಂಬ ಪದವಿ ಕೊಟ್ಟ. ಕೊಟ್ಟವನು ಕಸಿಯಲೂ ಬಲ್ಲ ಎಂಬುದನ್ನು ಶಿವಾಜಿ ಚೆನ್ನಾಗಿ ಬಲ್ಲರು. 1674ರ ಜೂನ್ 6ರಂದು ರಾಯಗಡದಲ್ಲಿ ಕಾಶಿಯ ಗಾಗಾಭಟ್ಟರಿಂದ ಪಟ್ಟಾಭಿಷೇಕ ಮಾಡಿಸಿಕೊಂಡು ಛತ್ರಪತಿಯಾದದ್ದರ ಅರ್ಥ ಅದೇ. ಈ ಕೊಡೆ ದೆಹಲಿ ಕೊಟ್ಟದ್ದಲ್ಲ, ಬಿಜಾಪುರ ಕೊಟ್ಟದ್ದಲ್ಲ. ಶ್ವೇತಛತ್ರದ ಅಡಿ ಕೂತವನು ಮಾಡುವ ಒಪ್ಪಂದ, ಕೊಡುವ ದಾನಪತ್ರ, ಒತ್ತುವ ಮುದ್ರೆ ಇನ್ನೊಬ್ಬರ ಅಪ್ಪಣೆಗೆ ಕಾಯಬೇಕಿರಲಿಲ್ಲ.

ರಾಣಿ ಛಾಪಿನ ರೂಪಾಯಿ

ಈಗ ದಂಡಿನ ರಾಣಿಯ ಮಾತು. 1858ರಲ್ಲಿ ಕೊನೆಯ ಮೊಗಲ್ ಬಾದಶಹ ಬಹಾದ್ದೂರ್ ಷಾ ಜಫರ್ ಸೆರೆಯಾಗಿ ರಂಗೂನಿಗೆ ಹೋದ ಮೇಲೆ ಭಾರತದ ಬಾದಶಾಹಿ ಖಾಲಿಯಾಗಿತ್ತು. ಯುರೋಪಿನಲ್ಲಿ ರಷ್ಯಾದ ದೊರೆ ತ್ಸಾರ್, 1871ರಿಂದ ಜರ್ಮನಿಯ ದೊರೆ ಕೈಸರ್. ವಿಕ್ಟೋರಿಯಾ ಬರೀ ರಾಣಿ. ಪ್ರಧಾನಿ ಡಿಸ್ರೇಲಿ 1876ರಲ್ಲಿ ಕಾಯ್ದೆ ತಂದು ಆಕೆಯನ್ನು ಭಾರತದ ಚಕ್ರವರ್ತಿನಿ ಮಾಡಿದರು. ಬ್ರಿಟನ್ನಿನ ಜನ ಸುಮ್ಮನೆ ಒಪ್ಪಲಿಲ್ಲ. ಈ ಹೆಸರು ಅವರ ನೆಲದೊಳಗೆ ಬಳಕೆಗಲ್ಲ ಎಂದು ಸಂಸತ್ತಿಗೆ ಭರವಸೆ ಕೊಡಬೇಕಾಯಿತು. ತನ್ನ ಪ್ರಜೆಗಳಿಗೆ ರಾಣಿ, ಹೊರಗಿನ ಅರಸರಿಗೆ ಚಕ್ರವರ್ತಿನಿ. ನಾನು ಹಿಂದೆ ಹೇಳಿದ್ದಕ್ಕೆ ಇದಕ್ಕಿಂತ ನೇರವಾದ ಪುರಾವೆ ಇತಿಹಾಸದಲ್ಲಿ ಸಿಗುವುದು ಕಷ್ಟ.

ಭಾರತದಲ್ಲಿ ಏನೆಂದು ಕರೆಯಬೇಕು ಎಂಬ ಪ್ರಶ್ನೆಯೂ ಬಂತು. ಬಾದಶಹ, ಶಹನ್‌ಶಾಹ್ ಎಂದರೆ ಮೊಗಲರ ಎಂಜಲು, ಚಕ್ರವರ್ತಿ ಎಂದರೆ ಒಂದು ಮತದವರ ಮಾತು ಎಂಬ ಅಳುಕು. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿದ್ದ ಹಂಗೇರಿ ಮೂಲದ ವಿದ್ವಾಂಸ ಲೈಟ್ನರ್ ಸೂಚಿಸಿದ್ದು ‘ಕೈಸರ್-ಎ-ಹಿಂದ್’. ರೋಮಿನ ದೊರೆಗೆ ಅರಬ್ಬಿ, ಪಾರಸಿಗಳಲ್ಲಿ ಬಹಳ ಹಿಂದಿನಿಂದ ‘ಕೈಸರ್’ ಎಂಬ ಹೆಸರಿತ್ತು. ಕನಿಷ್ಕನ ಕಲ್ಲಿನಲ್ಲಿ ಒಮ್ಮೆ ಬಂದು ಹೋಗಿದ್ದ ಸೀಸರ್ ಹೀಗೆ ಎರಡನೆಯ ಸಲ ಭಾರತಕ್ಕೆ ಬಂದ.

1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ಇದನ್ನು ಸಾರಿದರು. ಮೈಸೂರಿನ ಬಾಲಕ ಅರಸ ಚಾಮರಾಜೇಂದ್ರ ಒಡೆಯರೂ ಅಲ್ಲಿಗೆ ಹೋಗಿದ್ದರು. ಅದೇ ಹೊತ್ತಿಗೆ ಇಲ್ಲಿ ನಡೆಯುತ್ತಿದ್ದುದು ಧಾತು ಈಶ್ವರ ಸಂವತ್ಸರಗಳ ಘೋರ ಬರ. ಹಳ್ಳಿಗಳಿಂದ ಜನ ಗುಂಪು ಗುಂಪಾಗಿ ಬೆಂಗಳೂರಿನತ್ತ ಬರುತ್ತಿದ್ದರು. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ರ ಗಣತಿಗೆ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಚಕ್ರವರ್ತಿನಿಯ ಹೆಸರು ಸಾರಿದ ವರ್ಷವೇ ಹಸಿವಿನ ವರ್ಷವೂ ಆಗಿತ್ತು ಎಂಬುದನ್ನು ನಾವು ಮರೆಯಬಾರದು.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ರಾಣಿ ಛಾಪಿನ ಬೆಳ್ಳಿ ರೂಪಾಯಿಗಳಿದ್ದರೆ ಹೊರತೆಗೆದು ನೋಡಿ. 1862ರಿಂದ 1876ರವರೆಗಿನದರಲ್ಲಿ ಕಿರೀಟ ಧರಿಸಿದ ಮುಖದ ಎಡಕ್ಕೆ ‘ವಿಕ್ಟೋರಿಯಾ’, ಬಲಕ್ಕೆ ‘ಕ್ವೀನ್’ ಎಂದಿದೆ. 1877ರಿಂದ ಈಚೆಗೆ ಬಲಗಡೆ ‘ಎಂಪ್ರೆಸ್’. ತೂಕ ಎರಡಕ್ಕೂ 11.66 ಗ್ರಾಂ, ಬೆಳ್ಳಿಯ ಪ್ರಮಾಣವೂ ಅದೇ. ಸಂತೆಯಲ್ಲಿ ಆ ರೂಪಾಯಿಗೆ ಬರುತ್ತಿದ್ದ ರಾಗಿ ಬಿರುದಿನಿಂದಾಗಿ ಒಂದು ಹಿಡಿಯೂ ಹೆಚ್ಚಲಿಲ್ಲ.

1881ರಲ್ಲಿ ಮೈಸೂರು ಬ್ರಿಟಿಷರ ಕೈಯಿಂದ ಒಡೆಯರಿಗೆ ಮರಳಿತು. ದಂಡು ಮರಳಲಿಲ್ಲ. ಶಿವಾಜಿನಗರ, ಹಲಸೂರುಗಳು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ ಸೇರಿ, ಇಂದಿನ ರಾಜಭವನದಲ್ಲಿ ಕೂತ ರೆಸಿಡೆಂಟರ ಕೈಯಲ್ಲಿ ಉಳಿದವು. ಕೆ.ಆರ್. ಪುರ ಮೈಸೂರಿನದು. ಹಲಸೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದ ಸಂತೆಗೆ ಗಾಡಿ ಹೊಡೆದವನು ಚಕ್ರವರ್ತಿಯ ನೆಲದಿಂದ ಮಹಾರಾಜನ ನೆಲಕ್ಕೆ ದಾಟುತ್ತಿದ್ದ. ಥಾಮಸ್ ಬ್ರಾಕ್ ಕೆತ್ತಿದ ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು 1906ರ ಫೆಬ್ರವರಿ 5ರಂದು ಮುಂದೆ ಐದನೆಯ ಜಾರ್ಜ್ ಆದ ಯುವರಾಜ ಅನಾವರಣ ಮಾಡಿದ ಜಾಗವೂ ಕಬ್ಬನ್ ಪಾರ್ಕಿನ ಅಂಚಿನ ಅಂಥದೇ ಗಡಿ, ದಂಡು ಮುಗಿದು ಪೇಟೆ ಶುರುವಾಗುವ ಕಡೆ. ಮೈಸೂರಿನ ಮಹಾರಾಜರಿಗೆ ಬ್ರಿಟಿಷರು ಗೊತ್ತುಮಾಡಿದ್ದು 21 ತೋಪುಗಳ ಗೌರವ. ದೇಶದ ಸಂಸ್ಥಾನಗಳಲ್ಲಿ ಅದೇ ಅತಿ ಹೆಚ್ಚು. ಕೆಳಗಿನ ಸಂಸ್ಥಾನಗಳಿಗೆ 19, 17, 15 ಹೀಗೆ ಇಳಿಯುತ್ತಿತ್ತು. ಪಂಚಮಹಾಶಬ್ದದ ಭೇರಿ ಹೋಗಿ ತೋಪು ಬಂತು, ಸದ್ದು ಹಂಚುವ ಪದ್ಧತಿ ಮಾತ್ರ ಹಾಗೆಯೇ ಇತ್ತು.

ಬಿರುದಿಲ್ಲದ ನಾಡು

1947ರ ಜುಲೈನಲ್ಲಿ ದಂಡು ಮೈಸೂರಿಗೆ ಸೇರಿತು. ಭಾರತದ ಚಕ್ರವರ್ತಿ ಎಂಬ ಹೆಸರನ್ನು ಆರನೆಯ ಜಾರ್ಜ್ 1948ರ ಜೂನ್ 22ರಂದು ಬಿಟ್ಟುಕೊಟ್ಟರು. ಜಯಚಾಮರಾಜ ಒಡೆಯರು ರಾಜಪ್ರಮುಖರಾಗಿ, 1956ರಿಂದ ರಾಜ್ಯಪಾಲರಾಗಿ ಕೆಲಸ ಮಾಡಿದರು. ಸಂವಿಧಾನದ 18ನೆಯ ವಿಧಿ ಸೇನೆ ಮತ್ತು ವಿದ್ಯೆಯ ಪದವಿಗಳನ್ನು ಬಿಟ್ಟು ಸರ್ಕಾರ ಯಾವ ಬಿರುದನ್ನೂ ಕೊಡಕೂಡದು ಎಂದಿತು. 1971ರ 26ನೆಯ ತಿದ್ದುಪಡಿ ಮಾಜಿ ಅರಸರ ಮಾನ್ಯತೆಯನ್ನೂ ರಾಜಧನವನ್ನೂ ಕೊನೆಗೊಳಿಸಿತು. ಅದನ್ನು ತಂದ ಪ್ರಧಾನಿಯ ಹೆಸರನ್ನೇ ಹಲಸೂರಿನ ಮಗ್ಗುಲಿನ ಇಂದಿರಾನಗರ ಹೊತ್ತಿದೆ. ಪದ್ಮ ಪ್ರಶಸ್ತಿ, ಭಾರತ ರತ್ನಗಳನ್ನು ಕೂಡ ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಬಳಸಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಸ್ಪಷ್ಟಪಡಿಸಿದೆ.

ಹೀಗಿದ್ದೂ ನಮ್ಮ ರಸ್ತೆಗಳ ತಿರುವು ತಿರುವಿನಲ್ಲಿ ಇಂದು ಸಾಮ್ರಾಟರು, ಚಕ್ರವರ್ತಿಗಳು, ಹೃದಯಾಧಿಪತಿಗಳು ಫ್ಲೆಕ್ಸ್‌ಗಳಲ್ಲಿ ನಿಂತಿದ್ದಾರೆ. ಇದು ನನ್ನನ್ನು ನಿಜವಾಗಿ ಕಾಡುವ ಸಂಗತಿ. ಸರ್ಕಾರ ಕೊಡುವುದನ್ನು ನಿಲ್ಲಿಸಿದ ಮೇಲೆ ನಾವೇ ಕೊಡತೊಡಗಿದ್ದೇವೆ. ಆ ಬ್ಯಾನರುಗಳ ಗುರಿಯೂ ಮತದಾರ ಅಲ್ಲ, ಪಕ್ಕದ ವಾರ್ಡಿನ ಇನ್ನೊಬ್ಬ ಮುಖಂಡ.

ಶಾಸನಗಳನ್ನು ಓದಬೇಕಾದ ಕ್ರಮವೊಂದಿದೆ. ಮೇಲಿನ ಸಾಲುಗಳಲ್ಲಿ ಅರಸನ ಬಿರುದು ಇರುತ್ತದೆ, ಅದು ಅವನ ಕಾಲದ ಏಣಿಯಲ್ಲಿ ಅವನು ಎಲ್ಲಿದ್ದ ಎಂದು ಹೇಳುತ್ತದೆ. ಕೆಳಗಿನ ಸಾಲುಗಳಲ್ಲಿ ಕೆರೆ, ತೂಬು, ಗದ್ದೆ, ಗುಡಿ, ಕೊಟ್ಟವನ ಹೆಸರು ಇರುತ್ತದೆ, ಅದು ಆ ಊರಿಗೆ ಸಿಕ್ಕಿದ್ದೇನು ಎಂದು ಹೇಳುತ್ತದೆ. ಎರಡನ್ನೂ ಓದಬೇಕು, ಆದರೆ ಊರಿನವರು ಕೆಳಗಿನ ಸಾಲುಗಳನ್ನು ಮೊದಲು ಓದಬೇಕು. ಬೆಂಗಳೂರಿನ ಇಂಥ ಕಲ್ಲುಗಳನ್ನು ಮೂರು ಆಯಾಮದಲ್ಲಿ ಡಿಜಿಟಲ್ ಆಗಿ ದಾಖಲಿಸುವ ಕೆಲಸವನ್ನು ಮಿಥಿಕ್ ಸೊಸೈಟಿ ನಡೆಸುತ್ತಿದೆ. ಲೇಔಟು, ರಸ್ತೆ ಅಗಲೀಕರಣಗಳ ನಡುವೆ ಕಲ್ಲುಗಳು ಕಳೆದುಹೋಗುವುದು ಸುಲಭ. ನಿಮ್ಮ ಬಡಾವಣೆಯ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ಅಕ್ಷರವಿರುವ ಕಲ್ಲು ಕಂಡರೆ ಬಣ್ಣ ಬಳಿಯಲು ಬಿಡಬೇಡಿ, ಕಿತ್ತು ಹಾಕಲು ಬಿಡಬೇಡಿ, ತಿಳಿದವರಿಗೆ ತೋರಿಸಿ. ಯಾರಿಗಾದರೂ ಸಾಮ್ರಾಟ ಎಂದು ಬ್ಯಾನರು ಕಟ್ಟುವ ಮೊದಲು ಅವರು ನಿಮ್ಮ ಊರಿಗೆ ಯಾವ ಕೆರೆ ಉಳಿಸಿಕೊಟ್ಟರು ಎಂದು ಕೇಳಿ.